ಸ್ವಂತ ಅಜಾಗರೂಕತೆ

ಮೇಣ ಕರಗುತ್ತಿದೆ, ಅವನ ಎಡ ಹುಬ್ಬಿಗೆ ಅಂಟಿಸಿದ ಮಂಜು ಸಣ್ಣಗೆ ಜಾರಿ ಕಿವಿಯ ಕಡೆ ಹೊರಟಿದೆ, ಯಾರಾದರೂ ನೋಡಬಾರದೇ — ಸದ್ಯ, ಮೇಕಪ್ಪಿನವಳು ಬ್ರಷ್ ಹಿಡಿದು ಓಡಿದಳು. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಹಾರುತ್ತಿರುವ ಬಾಂಬರ್ ವಿಮಾನದಲ್ಲಿ ನಮ್ಮ ಹೀರೋ ಬೆವರುತ್ತಿದ್ದಾನೆ, ಪಾಪ, ಅವನೇನು ಮಾಡಿಯಾನು, ತಲೆಯ ಮೇಲೆ ಎಂಟು ದೀಪ, ಮೈಮೇಲೆ ನಾನು ಹೊಲಿದ ಕುರಿತುಪ್ಪಳದ ಕೋಟು, ಅದರೊಳಗೆ ಇನ್ನೆರಡು ಪದರ. ಬಟ್ಟೆ ವಿಭಾಗದ ನಾವೆಲ್ಲ ಅವನನ್ನು ಗದ್ದ ಅಂತಲೇ ಕರೆಯುವುದು, ಪೋಸ್ಟರಿನಲ್ಲಿ ಮೊದಲು ಅದು ಬರುತ್ತದೆ, ಹಿಂದಿನಿಂದ ಅವನು ಬರುತ್ತಾನೆ. ಹೆಸರು ಅವನಿಗೂ ಗೊತ್ತು, ನಗುತ್ತಾನೆ, ಒಳ್ಳೆಯ ಹುಡುಗ. ನಾಲ್ಕು ಜನ ಬಡಗಿಗಳು ತೊಲೆ ಹಾಕಿ ವಿಮಾನದ ಒಡಲನ್ನು ಅಲ್ಲಾಡಿಸಿ ನೋಡುತ್ತಿದ್ದಾರೆ, ಅರ್ಧ ಒಡಲು ಮಾತ್ರ, ರೆಕ್ಕೆಯಿಲ್ಲ ಬಾಲವಿಲ್ಲ, ಮ್ಯೂಸಿಯಂನಿಂದ ತಂದದ್ದು, ಅವರ ಲಾರಿ ಆಗಲೇ ಗೋದಾಮಿನ ಬಾಗಿಲಲ್ಲಿ ಬಂದು ನಿಂತಿದೆ. ಊಟದ ಹೊತ್ತಿಗೆ ಒಯ್ಯುತ್ತಾರೆ. ಮಂಜು ಮತ್ತೆ ಹಚ್ಚಬೇಕೆಂದರೆ ಮೂರು ಗಂಟೆ. ಅಂದರೆ ಒಂದೇ ಟೇಕು. ಒಂದೇ. ಏಪ್ರನ್ನಿನ ಜೇಬಿಗೆ ಕೈ ಹಾಕಿದೆ, ಫೋಟೋ ಬೆರಳಿಗೆ ತಾಕಿತು, ಮೂಲೆ ಸ್ವಲ್ಪ ಮಡಚಿದೆ, ಮಡಚಲಿ, ಇಲ್ಲೇ ಇರಲಿ. ಈ ಫೋಟೋ ಈಗ ಗದ್ದನ ಎದೆಯ ಜೇಬಿನಲ್ಲಿರಬೇಕಿತ್ತು. ಆ ಜೇಬಿನ ಬಾಯಿಗೆ ಬೆಳಿಗ್ಗೆ ಹನ್ನೆರಡು ಹೊಲಿಗೆ ಬಿದ್ದಿದೆ, ಮೇಣ ಹಚ್ಚಿದ ದಾರ, ಎರಡೆಳೆ, ಹಲ್ಲಿನಿಂದಲೂ ಕೀಳಲಾಗದು. ನನಗೊಬ್ಬಳಿಗೇ ಗೊತ್ತು.

ಡೈರೆಕ್ಟರ್ ಬಂದ, ಕತ್ತಿನಲ್ಲಿ ನೇತಾಡುವ ಪುಟ್ಟ ದುರ್ಬೀನಿನಿಂದ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾನೆ, ಊಟದ ತಟ್ಟೆಯನ್ನೂ ಹಾಗೇ ನೋಡುತ್ತಾನೆ ಅಂತ ತಮಾಷೆ ಮಾಡುತ್ತೇವೆ, ದುರ್ಬೀನು ಅಂತ ಹೆಸರಿಟ್ಟಿದ್ದೇವೆ. ಕೆಟ್ಟವನಲ್ಲ. ನನ್ನ ಮಂಡಿ ಊದಿಕೊಂಡಾಗ ತನ್ನ ಕುರ್ಚಿಯನ್ನೇ ತಂದುಕೊಟ್ಟವನು. ಆದರೆ ತಾನು ನಿಜ ತೆಗೆಯುತ್ತಿದ್ದೇನೆ ಅಂತ ಅವನಿಗೆ ಭಾರಿ ನಂಬಿಕೆ. ಅಮ್ಮಾ, ಮೂರು ತಿಂಗಳು ಕೂತು ಓದಿದೀನಿ, ಈ ವಿಮಾನದಲ್ಲಿ ಒಂದು ಮೊಳೆ ಸುಳ್ಳಿಲ್ಲ ಅಂದಿದ್ದ. ಮೊಳೆ ಸುಳ್ಳಿಲ್ಲ ಸಾರ್, ಮನುಷ್ಯನೇ ಸುಳ್ಳು ಅಂದೆ ನಾನು, ನಿನ್ನೆ, ಎಲ್ಲರೆದುರಿಗೆ, ಕಾಫಿ ಕುಡಿಯುವಾಗ. ಅಷ್ಟು ಎತ್ತರದಲ್ಲಿ ಆಕ್ಸಿಜನ್ ಮಾಸ್ಕು ಬಿಚ್ಚಿದವನು ಫೋಟೋಗೆ ಮುತ್ತು ಕೊಡಲ್ಲ ಸಾರ್, ಮಂಕು ಹಿಡಿದವನ ಹಾಗೆ ನಗ್ತಾ ಕೂರ್ತಾನೆ, ಆಮೇಲೆ ಸಾಯ್ತಾನೆ. ಎರಡು ನಿಮಿಷ ತಾನೇ ಅಮ್ಮಾ ಅಂದ. ಹೌದೇ, ಹಾಗಾದ್ರೆ ನೀವು ಬಕೆಟ್ಟಲ್ಲಿ ಮುಖ ಮುಳುಗಿಸಿ ಎರಡು ನಿಮಿಷ ಹೆಂಡ್ತೀನ ನೆನೆಸ್ಕೊಳ್ಳಿ ನೋಡೋಣ. ಎಲ್ಲರೂ ನಕ್ಕರು, ಸೌಂಡಿನವನು ಕಾಫಿ ಚೆಲ್ಲಿಕೊಂಡ, ದುರ್ಬೀನೂ ನಕ್ಕ, ಆಮೇಲೆ ನಗು ನಿಲ್ಲಿಸಿದ. ಜನ ಬರೋದು ಅವನ ಮುಖ ನೋಡೋಕೆ, ರಬ್ಬರ್ ಮಾಸ್ಕು ನೋಡೋಕಲ್ಲ, ನಿಮ್ಮ ಕೆಲಸ ಗುಂಡಿ ಹೊಲಿಯೋದು, ಕಥೆ ಹೊಲಿಯೋದು ನನಗೆ ಬಿಡಿ. ಮೂವತ್ತೊಂದು ವರ್ಷ ಈ ಕೆಲಸ ಮಾಡಿದ್ದೇನೆ, ನಾನು ಹೊಲಿದ ಬಟ್ಟೆ ಹಾಕಿಕೊಂಡು ಎಷ್ಟೋ ರಾಜರು ಬಿದ್ದಿದ್ದಾರೆ, ಎಷ್ಟೋ ಸೇನೆಗಳು ಗೆದ್ದಿವೆ, ಯಾವ ಸುಳ್ಳಿಗೂ ಬಾಯಿ ಬಿಟ್ಟವಳಲ್ಲ, ಸಿನಿಮಾ ತಾನೇ. ಆದರೆ ಇದು — ಇದು ನಾನೇ ಕೊಟ್ಟ ಕಥೆ, ನಾನೇ ಪೆದ್ದಿ, ಅಳತೆ ತೆಗೆಯುವ ದಿನ ಕೈಗವಸು ದಪ್ಪಗಿರಬೇಕು ಅಂತ ಹೇಳಲು ಹೋಗಿ ಇಂಥದೇ ವಿಮಾನದಲ್ಲಿ ಬಂದೂಕಿನವನಾಗಿದ್ದ ಅಪ್ಪನ ಕೈಯ ಕಥೆಯನ್ನೆಲ್ಲ ಹೇಳಿದೆ, ದುರ್ಬೀನು ಕಣ್ಣರಳಿಸಿ ಕೇಳಿದ, ಬರೆದುಕೊಂಡ, ಬೆರಳು ಇಟ್ಟುಕೊಂಡ, ಮಾಸ್ಕಿನ ಕೊಳವೆ ಬಿಟ್ಟ. ಚಿತ್ರಕಥೆಯಲ್ಲಿ ಈಗ ಹೀಗಿದೆ: ಬಂದೂಕಿನವನು ಕೈಗವಸು ತೆಗೆಯುತ್ತಾನೆ, ಎದೆಯ ಜೇಬಿನಿಂದ ಪ್ರಿಯತಮೆಯ ಫೋಟೋ ತೆಗೆಯುತ್ತಾನೆ, ಮಾಸ್ಕು ಕಳಚಿ ಮುತ್ತು ಕೊಡುತ್ತಾನೆ, ಬೆರಳು ಮರಗಟ್ಟುತ್ತವೆ. ಹಿಂದೆ ರೇಡಿಯೋದವನು ಮೂರ್ಛೆ ಹೋಗಿ ಬಿದ್ದಿರುತ್ತಾನೆ, ಅಲಂಕಾರಕ್ಕೆ. ಸಿನಿಮಾದ ಮೊದಲಲ್ಲಿ ನಿಜ ಘಟನೆಯ ಆಧಾರ ಅಂತ ದಪ್ಪಕ್ಷರದಲ್ಲಿ ಬರುತ್ತದಂತೆ. ಫೋಟೋದಲ್ಲಿರುವವಳು ದುರ್ಬೀನಿನ ಹೆಂಡತಿಯ ತಂಗಿ. ಆಯ್ತು ಸಾರ್, ಗುಂಡಿ ಹೊಲೀತೀನಿ ಅಂದೆ. ಹೊಲಿದೆ.

ಸ್ವಂತ ಅಜಾಗರೂಕತೆ. ಆ ಕಾಗದ ಅಮ್ಮನ ಪೆಟ್ಟಿಗೆಯ ತಳದಲ್ಲಿ ನಾಲ್ಕು ಮಡಿಕೆಯಾಗಿ ಇತ್ತು, ಸೇನೆಯ ಕಚೇರಿಯದು, ಹಾರಾಟದ ವೇಳೆ ಕೈಗವಸು ತೆಗೆದದ್ದರಿಂದ ಬಲಗೈಯ ಮೂರು ಬೆರಳು ನಷ್ಟ, ಕಾರಣ ಸ್ವಂತ ಅಜಾಗರೂಕತೆ, ಕೆಳಗೆ ಮೊಹರು. ನಡುವಿನ ಮೂರು ಹೋಗಿದ್ದವು, ಕಿರುಬೆರಳು ಉಳಿದಿತ್ತು, ಹೆಬ್ಬೆರಳನ್ನು ಡಾಕ್ಟರು ಅರ್ಧ ಉಳಿಸಿದ್ದರು. ಅಪ್ಪ ಹಾಲು ಚೆಲ್ಲಿದರೆ ಅಮ್ಮ ಒಲೆಯ ಮುಂದಿನಿಂದಲೇ ಅನ್ನುವಳು, ಸ್ವಂತ ಅಜಾಗರೂಕತೆ. ನನ್ನ ತಮ್ಮ ಪರೀಕ್ಷೆಯಲ್ಲಿ ಫೇಲಾದಾಗಲೂ ಅದೇ ಮಾತು. ನಮ್ಮ ಮನೆಯ ಬೈಗುಳ ಅದು. ಅಮ್ಮ ನಗಿಸಲು ಅನ್ನುತ್ತಿದ್ದಳೋ ಚುಚ್ಚಲು ಅನ್ನುತ್ತಿದ್ದಳೋ, ಎರಡೂ ಇದ್ದಿರಬೇಕು, ಅಷ್ಟು ಮಕ್ಕಳು, ಅಷ್ಟು ಕೆಲಸ, ಒಂದೂವರೆ ಕೈಯ ಗಂಡ. ಅಪ್ಪ ಚಿಕ್ಕಮ್ಮನ ಹೊಲಿಗೆ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಿದ್ದ. ಯಾಕಪ್ಪಾ ಇದೇ ಕೆಲಸ ಅಂದರೆ, ಬಿಸಿ ಇರುತ್ತಲ್ಲ ಮಗಳೇ ಅನ್ನುತ್ತಿದ್ದ, ಬೇಸಿಗೆಯಲ್ಲೂ ಇಸ್ತ್ರಿಪೆಟ್ಟಿಗೆಯ ಪಕ್ಕ ಕೆನ್ನೆ ತಂದು ನಿಲ್ಲುವನು. ಕೆಳಗಡೆ ಏನಾಗ್ತಿತ್ತು ಅಪ್ಪಾ, ಬಾಂಬು ಬಿದ್ದಲ್ಲಿ? ಒಂದೇ ಸಲ ಕೇಳಿದ್ದೆ. ಇಸ್ತ್ರಿ ಎತ್ತಿ ನಿಲ್ಲಿಸಿದ, ಅಂಗಿಯ ಕಾಲರನ್ನೇ ನೋಡುತ್ತ ಅಂದ, ಇಂಥ ಅಂಗಡಿ ಅಲ್ಲೂ ಇತ್ತು ಮಗಳೇ, ಅದನ್ನ ಮತ್ತೆ ಕೇಳಬೇಡ. ಕೇಳಲಿಲ್ಲ. ಸಿನಿಮಾದವರೂ ಕೇಳಲಿಲ್ಲ, ಕೆಳಗೆ ಬರೀ ಹೊಗೆ ತೋರಿಸುತ್ತಾರೆ, ಹೊಗೆಗೆ ಇಸ್ತ್ರಿ ಬೇಕಾಗುವುದಿಲ್ಲ. ಬೆಳಿಗ್ಗೆ ಅಮ್ಮ ನನ್ನ ಜಡೆ ಹೆಣೆದು ಬಿಟ್ಟ ಮೇಲೆ ಅಪ್ಪ ಕರೆಯುವನು, ಬಾ ಇಲ್ಲಿ ತಪಾಸಣೆ, ಕುತ್ತಿಗೆಯ ಹತ್ತಿರ ಜಡೆಯನ್ನು ಅರ್ಧ ಹೆಬ್ಬೆರಳು ಕಿರುಬೆರಳ ನಡುವೆ ಹಿಡಿದು ಒತ್ತುವನು, ನಾಲ್ಕು ಅಂಗುಲ ಕೆಳಗೆ ಮತ್ತೆ ಒತ್ತುವನು, ಮತ್ತೆ, ರಿಬ್ಬನ್ನಿನ ತನಕ, ಆಮೇಲೆ ಬೆನ್ನಿಗೊಂದು ಸಣ್ಣ ಪೆಟ್ಟು, ಸರಿ ಇದೆ, ಹೊರಡು. ಗಿಡಕ್ಕೆ ನೀರು ಬಿಡುವ ಪೈಪನ್ನೂ ಹಾಗೇ ಒತ್ತುವನು, ಸ್ಟೋವಿನ ಪೈಪನ್ನೂ. ಮಾತಾಡುತ್ತ ಕೂತರೆ ಪಕ್ಕದವರ ಶಾಲಿನ ಅಂಚನ್ನೂ. ಹುಚ್ಚು ಅಂದುಕೊಂಡಿದ್ದೆವು, ಯುದ್ಧದಿಂದ ಬಂದವರಿಗೆ ಏನಾದರೊಂದು ಇರುತ್ತದಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ಅಂಗಡಿಗೆ ಆ ಮನುಷ್ಯ ಬಂದ, ಎತ್ತರದವನು, ಮೆಟ್ಟಿಲು ಹತ್ತಿಯೇ ಏದುಸಿರು ಬಿಡುತ್ತಿದ್ದ, ಕೋಟಿನ ಗುಂಡಿ ಹಾಕಿಸಲು ಬಂದ ಗಿರಾಕಿ ಅಂದುಕೊಂಡೆ. ಅಪ್ಪ ಇಸ್ತ್ರಿ ಹಿಡಿದೇ ನಿಂತುಬಿಟ್ಟ, ಒಂದು ಅಂಗಿ ಸುಟ್ಟುಹೋಯಿತು ಅವತ್ತು. ವಿಮಾನದಲ್ಲಿ ಅಪ್ಪನ ಜೊತೆಗಿದ್ದ ರೇಡಿಯೋದವನು. ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡ. ಅಷ್ಟು ಮೇಲೆ ಉಸಿರು ಸಹ ಹೆಪ್ಪುಗಟ್ಟುತ್ತೆ ಪುಟ್ಟಿ, ಮಾಸ್ಕಿನ ಪೈಪಲ್ಲಿ ನಮ್ಮ ಉಸಿರೇ ಮಂಜಾಗಿ ಕೂತ್ಕೊಳ್ಳುತ್ತೆ, ಹಿಂಡಿ ಹಿಂಡಿ ಒಡೀತಾ ಇರಬೇಕು, ನಾನು ಮರೆತೆ, ಪೈಪು ಕಟ್ಟಿತು, ನಾನು ನಗ್ತಾ ಇದ್ದೆನಂತೆ, ತುಟಿ ನೀಲಿಯಾಗಿ ನಗ್ತಾ ಇದ್ದೆನಂತೆ. ನಿಮ್ಮಪ್ಪ ನೋಡಿದ. ಎಲ್ಲಿ ಕಟ್ಟಿದೆ ಅಂತ ದಪ್ಪ ಗ್ಲೌಸಲ್ಲಿ ಗೊತ್ತಾಗಲಿಲ್ಲ. ಗ್ಲೌಸ್ ಬಿಸಾಕಿದ. ಬರಿಗೈಲಿ ಹುಡುಕಿ ಹುಡುಕಿ ಹಿಂಡಿದ, ಇಷ್ಟಿಷ್ಟೇ, ಇಷ್ಟಿಷ್ಟೇ, ಮಂಜು ಒಡೆದ ಸದ್ದು ಅವನಿಗೆ ಬೆರಳಲ್ಲೇ ಕೇಳಿಸ್ತಂತೆ. ಅಪ್ಪ ಆ ಕಡೆಯಿಂದ ಸಾಕು ಬಿಡಯ್ಯಾ ಅಂದ. ಚಿಕ್ಕಮ್ಮ ಮೂಗು ಒರೆಸಿಕೊಂಡು ಕೇಳಿದಳು, ಮತ್ತೆ ಕಚೇರೀಲಿ ನೀವು ಹೇಳಬೇಕಿತ್ತಲ್ಲ ಅಣ್ಣಾ? ಹೇಳ್ದೆ ತಾಯಿ, ಮೂರು ಸಲ ಹೋಗಿ ಹೇಳ್ದೆ. ಮೂರ್ಛೆ ಹೋಗಿದ್ದವನಿಗೆ ಹೇಗೆ ಗೊತ್ತು ಅಂದ್ರು. ಮುಂದೆ ಕೂತ ಪೈಲಟ್ಟಿಗೆ ಹಿಂದಿನದು ಕಾಣಿಸಿರಲಿಲ್ಲ. ಕಂಡವನು ಅಪ್ಪ ಒಬ್ಬ, ಅವನ ಮಾತಿಗೆ ಅವನೇ ಸಾಕ್ಷಿ ಆಗುವಂತಿಲ್ಲ. ಅವತ್ತು ರಾತ್ರಿಯಿಂದ ಅಮ್ಮ ಆ ಬೈಗುಳ ಬಿಟ್ಟಳು. ಮಾರನೆಯ ದಿನ ಜಡೆ ತಪಾಸಣೆಯಲ್ಲಿ ನಾನು ಅಲ್ಲಾಡದೆ ನಿಂತೆ, ಉಸಿರು ಹಿಡಿದು, ರಿಬ್ಬನ್ನಿನ ತನಕ. ಮೊಹರು ಹಾಕಿದವನು ಯಾವನೋ ಸತ್ತಿರಬೇಕು ಈಗ. ಈಗ ಈ ದುರ್ಬೀನು ಮೊಹರು ಹಾಕಲು ಹೊರಟಿದ್ದಾನೆ, ಎಪ್ಪತ್ತು ಅಡಿ ಅಗಲದ ಪರದೆಯ ಮೇಲೆ, ಸಂಗೀತ ಸಮೇತ, ಹುಡುಗಿಯ ಫೋಟೋ ನೋಡಲು ಕೈಗವಸು ತೆಗೆದ ಅಂತ. ಅದಕ್ಕಿಂತ ದೊಡ್ಡ ಅಜಾಗರೂಕತೆ ಯಾವುದಿದೆ? ಊರೆಲ್ಲ ನೋಡುತ್ತದೆ, ಅಳುತ್ತದೆ, ಆಮೇಲೆ ನಾನು ಯಾರಿಗೆ ಹೋಗಿ ಹೇಳಲಿ, ಮೂರು ಸಲ?

ಎಲ್ಲರೂ ಜಾಗಕ್ಕೆ, ಅಂತ ಕೂಗಿದರು. ಬಡಗಿಗಳು ತೊಲೆ ಹಿಡಿದರು. ದುರ್ಬೀನು ನನ್ನ ಕಡೆ ತಿರುಗಿ, ಅಮ್ಮಾ ಫೋಟೋ ಜೇಬಲ್ಲಿದೆ ತಾನೇ? ಜೇಬಲ್ಲಿದೆ ಸಾರ್ ಅಂದೆ, ಸುಳ್ಳೇನಿಲ್ಲ, ಯಾರ ಜೇಬು ಅಂತ ಅವನು ಕೇಳಲಿಲ್ಲ. ಮಂಡಿ ನೋಯುತ್ತಿದೆ ಅಷ್ಟೇ. ತೆಗೆಯಲಿ ಕೆಲಸದಿಂದ, ನನ್ನ ಕತ್ತರಿ ನನ್ನದು, ಮೆಷಿನ್ನು ನನ್ನದು. ಯಾಕೆ ಹೀಗೆ ಮಾಡಿದಿರಿ ಅಂದರೆ ಹೇಳಲು ಉತ್ತರವೂ ಇದೆ, ಬರ್ಕೊಳ್ಳಿ ಸಾರ್, ಸ್ವಂತ ಅಜಾಗರೂಕತೆ. ಆದರೆ ಗದ್ದ ನಿಲ್ಲಿಸಿಬಿಟ್ಟರೆ, ಜೇಬು ತೆರೀತಿಲ್ಲ ಸಾರ್ ಅಂದುಬಿಟ್ಟರೆ, ಬ್ಲೇಡು ತರುತ್ತಾರೆ, ಹನ್ನೆರಡು ಹೊಲಿಗೆ ಹನ್ನೆರಡು ಕ್ಷಣ — ಅವನಿಗೆ ಹೇಳಿಲ್ಲ, ಹೇಳಿದ್ದರೆ ಅವನ ತಲೆಗೂ ತಂದಿಟ್ಟಂತಾಗುತ್ತಿತ್ತು. ಕೊಳವೆ ಹಿಂಡುವುದನ್ನು ಮಾತ್ರ ಹೇಳಿಕೊಟ್ಟಿದ್ದೇನೆ, ಮೂರು ವಾರದ ಹಿಂದೆ, ಕೋಟಿನ ತೋಳು ಸರಿಮಾಡುತ್ತ, ನನ್ನ ಕೈ ನೋಡಿ ನೋಡಿ ಮಾಡಿದ, ಹೀಗಾ ಅಮ್ಮಾ, ಹೀಗಾ, ಕಲಿಯುವ ಆಸೆಯಿರುವ ಕೈ ಅದು, ಚೆನ್ನಾಗಿದೆ ಕಣಮ್ಮಾ ಇದು, ಡೈರೆಕ್ಟರ್ ಬೇಡ ಅಂತಾರಲ್ಲ ಅಂದಿದ್ದ. ಕ್ಯಾಮೆರಾ ಓಡುತ್ತಿದೆ. ಒಡಲು ಅಲುಗಿತು, ಹೊಗೆ ಬಂತು, ಗದ್ದ ಬಂದೂಕು ಬಿಟ್ಟು ಕುಸಿದು ಕೂತ, ಬಲಗೈಯ ಗವಸು ಎಳೆದು ತೆಗೆದ, ಎದೆಗೆ ಕೈ ಒಯ್ದ. ಬೆರಳು ಜೇಬಿನ ಬಾಯಿ ಹುಡುಕಿತು. ಇಲ್ಲ. ಮತ್ತೆ ಹುಡುಕಿತು, ಉಗುರು ಹಾಕಿ ಕೆದಕಿತು, ನನ್ನ ಹೊಲಿಗೆ ನನಗೆ ಗೊತ್ತು ಮಗನೇ, ಬರುವುದಿಲ್ಲ. ಮಾಸ್ಕಿನ ಮೇಲೆ ಅವನ ಕಣ್ಣು ಮಾತ್ರ ಕಾಣುತ್ತಿದೆ, ಅದು ದುರ್ಬೀನನ್ನು ಹುಡುಕುತ್ತದೆ ಈಗ, ಕಟ್ ಅನ್ನಿ ಸಾರ್ ಅನ್ನುತ್ತದೆ ಈಗ — ಅನ್ನಲಿಲ್ಲ, ಕಣ್ಣು ದೀಪಗಳಾಚೆ ನನ್ನ ಕಡೆ ಬಂತು, ಒಂದು ಉಸಿರು ನಿಂತಿತು, ತಿರುಗಿತು. ಹಿಂದೆ ಬಿದ್ದಿದ್ದ ರೇಡಿಯೋದವನತ್ತ ಮಂಡಿಯಲ್ಲೇ ತೆವಳಿದ, ಬರಿಗೈಯಿಂದ ಅವನ ಕೊಳವೆ ಹಿಡಿದ, ಮಾಸ್ಕಿನ ಹತ್ತಿರ ಒತ್ತಿದ, ನಾಲ್ಕು ಅಂಗುಲ ಕೆಳಗೆ ಒತ್ತಿದ. ದುರ್ಬೀನು ಬಾಯಿ ತೆರೆದಿದ್ದಾನೆ, ಕಟ್ ಬರುತ್ತಿಲ್ಲ, ಅವನ ಪುಟ್ಟ ದುರ್ಬೀನು ಕೈಯಿಂದ ಜಾರಿ ಎದೆಯ ಮೇಲೆ ತೂಗುತ್ತಿದೆ, ಎರಡೂ ಕಣ್ಣು ಬಿಟ್ಟು ನೋಡುತ್ತಿದ್ದಾನೆ. ಆದರೆ ಆ ಕೈ, ತಡಿ, ಆ ಕೈಯಲ್ಲಿ ಏನೋ ತಪ್ಪಿದೆ, ನಡುವಿನ ಮೂರು ಬೆರಳು ಯಾಕೆ ಮಡಚಿಕೊಂಡಿದ್ದಾನೆ, ಅವತ್ತು ಅಪ್ಪನಿಗೆ ಐದೂ ಬೆರಳು ಇದ್ದವಲ್ಲ, ಐದರಿಂದಲೂ ಹಿಂಡಿದ್ದನಲ್ಲ, ಯಾರು ಹೇಳಿಕೊಟ್ಟರು ಇವನಿಗೆ ಹೀಗೆ — ನಾನೇ. ಹಿಂಡುವುದೆಂದರೆ ನನ್ನ ಕೈಗೆ ಬರುವುದು ಅದೊಂದೇ, ಜಡೆಯಿಂದ ಕಲಿತದ್ದು. ಶುದ್ಧ ತಪ್ಪು, ಮೊಳೆ ಎಣಿಸುವವರು ನಾಳೆ ಕಂಡುಹಿಡಿಯಬಹುದು, ಕಂಡುಹಿಡಿಯಲಿ, ನಾನು ಬಾಯಿ ಬಿಡುವುದಿಲ್ಲ, ಹೆಬ್ಬೆರಳು ಕಿರುಬೆರಳು, ಒತ್ತಿತು, ನಾಲ್ಕು ಅಂಗುಲ, ಒತ್ತಿತು, ನನ್ನ ಕುತ್ತಿಗೆಯ ಹಿಂದೆ, ಹೆಬ್ಬೆರಳು ಕಿರುಬೆರಳು, ಇನ್ನೂ ಕೆಳಗೆ, ಹೆಬ್ಬೆರಳು ಕಿರುಬೆರಳು