ಬಚ್ಚಲ ಚಿಲಕ

ಬಚ್ಚಲಿಗೆ ಹೋದ ಸುಮತಿ ಟೀಚರು ಬಾಗಿಲಿನ ಹಿಂದೆ ಮೇಲೆ ಕೆಳಗೆ ಕೈಯಾಡಿಸಿ ಸೋತು, ಕೊನೆಗೆ ತಲೆಯನ್ನಷ್ಟೇ ಹೊರಗೆ ಹಾಕಿದರು.

"ಏನ್ ಮಾ ಇದು, ಚಿಲಕ ಎಲ್ಲಿ?"

"ಚಿಲಕ ಇಲ್ಲ ಟೀಚರೇ," ವಿಮಲಾ ಅಡುಗೆಮನೆಯಿಂದಲೇ ಹೇಳಿದಳು. "ನೀವು ಸ್ವಲ್ಪ ಹಾಡ್ತಾ ಇರಿ, ಆಯ್ತು. ಹಾಡು ಕೇಳಿದ್ರೆ ಯಾರೂ ಬರುದಿಲ್ಲ."

ಕಾಫಿಗೆ ಸಕ್ಕರೆ ಹಾಕುತ್ತಿದ್ದ ಅವಳಿಗೆ ತಾನು ಹೇಳಿದ್ದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಗಿಂಡಿ ಎಂಬ ತಮಿಳು ಬಡಾವಣೆಯ ಆ ಎರಡು ಕೋಣೆಯ ಮನೆಯಲ್ಲಿ ಬಚ್ಚಲು, ಕಕ್ಕಸು ಎಲ್ಲ ಒಂದೇ ಕಡೆ. ಅದಕ್ಕೆ ಚಿಲಕವಿಲ್ಲದೆ ವರ್ಷಗಳೇ ಆಗಿದ್ದವು. ಮಗ ರೂಪೇಶ ಚಿಕ್ಕವನಿದ್ದಾಗ ಒಮ್ಮೆ ಒಳಗಿನಿಂದ ಚಿಲಕ ಹಾಕಿಕೊಂಡ, ತೆಗೆಯಲು ಬರಲಿಲ್ಲ. ಬುದ್ಧಿ ನಿಧಾನಕ್ಕೆ ಬೆಳೆಯುವ ಹುಡುಗ. ಹೊರಗಿನಿಂದ ಎಷ್ಟು ಹೇಳಿಕೊಟ್ಟರೂ ತಿಳಿಯಲಿಲ್ಲ, ಕೂಗಲೂ ಇಲ್ಲ. ಗಲ್ಲಾ ಬಿಟ್ಟು ಹೋಟೆಲಿನಿಂದ ಓಡಿ ಬಂದ ಅಪ್ಪ ಮಧ್ವರಾಜ ಬಾಗಿಲು ಒಡೆದಾಗ, ಬಿಟ್ಟ ನಲ್ಲಿಯ ಕೆಳಗೆ ತುಟಿ ನೀಲಿಯಾಗಿ ಕೂತಿದ್ದ. ಅವತ್ತು ವಿಮಲಾಳ ಜೀವ ಬಾಯಿಗೆ ಬಂದದ್ದು ಪೂರ್ತಿ ಕೆಳಗಿಳಿಯಲೇ ಇಲ್ಲ. ಹೊಸ ಬಾಗಿಲು ಬಂತು, ಚಿಲಕ ಬರಲಿಲ್ಲ.

ಅದರ ಬದಲು ಹಾಡು ಬಂತು. ಒಳಗಿರುವವರು ಹಾಡಬೇಕು, ಹೊರಗಿರುವವರು ಬಾಗಿಲಿಗೆ ಕಿವಿಗೊಟ್ಟು ಕೇಳಬೇಕು, ಸದ್ದಿಲ್ಲದಿದ್ದರೆ ತಳ್ಳಬಹುದು. ಮಧ್ವರಾಜ ಯಕ್ಷಗಾನದ ಭಾಗವತರ ಧಾಟಿಯಲ್ಲಿ ಬಾಯಿಗೆ ಬಂದದ್ದು ಹಾಡುತ್ತಿದ್ದ. ಮಗಳು ವೀಕ್ಷಾ ತಮಿಳು ಸಿನಿಮಾದ್ದು. ಊರಿಂದ ಬಂದ ನೆಂಟರಿಗೂ ಬಿಡುಗಡೆಯಿಲ್ಲ. ರೂಪೇಶನದು ತಾನೇ ಕಟ್ಟಿದ ಒಂದೇ ಸಾಲು, "ನೀರು ಬಂತು, ನೀರು ಬಂತು." ಆದರೆ ಅವನು ಹಾಡಿದರೂ ವಿಮಲಾ ಒಳಗೇ ಇರುತ್ತಿದ್ದಳು. ಮಣೆಯ ಮೇಲೆ ಕೂರಿಸಿ, ತಲೆಗೆ ನೀರು ಹೊಯ್ದು, ಬೆನ್ನು ತಿಕ್ಕಿ, ಮೈ ಒರೆಸಿ ಕಳಿಸುವವಳು ಅವಳೇ. ಅವನಿಗೆ ಈಗ ಇಪ್ಪತ್ತು ವರ್ಷ.

ಸುಮತಿ ಟೀಚರು ಹಾಡಲಿಲ್ಲ. ಬೇಗ ಹೊರಗೆ ಬಂದು, ಕಾಫಿ ಲೋಟ ಕೈಯಲ್ಲಿ ಹಿಡಿದು ಕೂತರು. ಮೂಲೆಯಲ್ಲಿ ರೂಪೇಶ ಬಿಸ್ಕತ್ತು ಯೂನಿಟ್ಟಿನ ನೀಲಿ ಟೋಪಿ ಹಾಕಿಕೊಂಡು ಕೂತಿದ್ದ. ಶಾಲೆಯ ಕೊನೆಯ ವರ್ಷ ಅವನನ್ನು ಗಿಂಡಿ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಯೂನಿಟ್ಟಿಗೆ ಪ್ಯಾಕಿಂಗ್ ಕೆಲಸಕ್ಕೆ ಹಚ್ಚಿದವರು ಈ ಟೀಚರೇ. ಹೋದ ವಾರ ಅವನು, ಅಲ್ಲೇ ಕೆಲಸಕ್ಕಿದ್ದ ಸರಸ ಎಂಬ ಹುಡುಗಿ ಬಟ್ಟೆ ಬದಲಿಸುತ್ತಿದ್ದ ಕೋಣೆಯ ಬಾಗಿಲು ತಳ್ಳಿದ್ದ. ತಳ್ಳುವ ಮೊದಲು ಬಾಗಿಲಿಗೆ ಕಿವಿಯಿಟ್ಟು ನಿಂತದ್ದನ್ನು ಇನ್ನೊಬ್ಬಳು ನೋಡಿದ್ದಳು. ಅಷ್ಟು ಸಾಕಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವಂಥ ಮನುಷ್ಯ ಅಲ್ಲಿನ ಮೆನೇಜರು. ಇವನನ್ನು ಮನೆಗೆ ಕಳಿಸಿಬಿಟ್ಟಿದ್ದ.

"ಅವತ್ತು 'ಪಾಟ್ಟು ಇಲ್ಲೆ, ಪಾಟ್ಟು ಇಲ್ಲೆ' ಅಂತ ಅಳ್ತಾ ಇದ್ದ ಮಾ," ಟೀಚರು ಮೆಲ್ಲಗೆ ಹೇಳಿದರು. "ಹಾಡಿಲ್ಲ, ಹಾಡಿಲ್ಲ ಅಂತ. ಅರ್ಥ ಇಲ್ದೆ ಏನೋ ಹೇಳ್ತಾನೆ ಅಂದ್ಕೊಂಡ್ವಿ. ಈಗ ತಿಳೀತು. ಸರಸ ಹಾಡ್ತಾ ಇರ್ಲಿಲ್ಲ."

ಮಗನ ಮೇಲೆ ಆ ಮಾತು ಬಂದ ದಿನದಿಂದ ವಿಮಲಾ ಸರಸಳನ್ನು ಬೈದಿದ್ದಳು, ಮೆನೇಜರನನ್ನು ಬೈದಿದ್ದಳು, ದೇವರನ್ನೂ ಬಿಟ್ಟಿರಲಿಲ್ಲ. ಈಗ ಬೈಯಲು ಯಾರೂ ಉಳಿಯಲಿಲ್ಲ.

"ಅಯ್ಯೋ ದೇವರೇ! ನಾವು ಕಲಿಸಿದ್ದನ್ನೇ ಮಾಡಿದ್ದಲ್ವಾ ಅವ?"

"ಹೌದು ಮಾ. ಅವನು ತಪ್ಪು ಮಾಡ್ಲಿಲ್ಲ. ಆದ್ರೆ ಊರಿನ ಬಾಗಿಲೆಲ್ಲ ಹಾಡಲ್ಲ." ಟೀಚರು ಬಚ್ಚಲ ಕಡೆ ನೋಡಿದರು. "ಚಿಲಕ ಹಾಕ್ಸಿ. ಸ್ನಾನ ಅವನೇ ಮಾಡ್ಲಿ. ಬಾಗಿಲು ಹಾಕ್ಕೊಂಡು ಬಟ್ಟೆ ಬದಲಿಸೋದು, ಬೇರೆಯವರ ಬಾಗಿಲು ತಟ್ಟೋದು ಕಲಿತ್ರೆ ಸೋಮವಾರ ಕರ್ಕೊಂಡು ಬನ್ನಿ, ನಾನು ಮಾತಾಡ್ತೀನಿ. ಇಲ್ದಿದ್ರೆ ಅವರು ಬೇರೆಯವರನ್ನ ತಗೋತಾರೆ."

"ಆಗುದಿಲ್ಲ ಟೀಚರೇ. ಮತ್ತೆ ಒಳಗೆ ಸಿಕ್ಕಿಕೊಂಡ್ರೆ? ಕೆಲಸ ಹೋದ್ರೆ ಹೋಗ್ಲಿ. ನನಗೆ ಅವ ಇನ್ನೂ ಮಗು."

"ನಿಮಗೆ ಮಗು. ಸರಸಳಿಗಲ್ಲ."

ಆ ಮಾತು ವಿಮಲಾಳಿಗೆ ನೇರ ಹೋಗಿ ನಾಟಿತು. ಟೀಚರು ಹೋದ ಮೇಲೆ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು. ರೂಪೇಶ ಟೋಪಿ ತೆಗೆಯದೆ ಚಪ್ಪಲಿ ಮೆಟ್ಟಿ, ಡಬ್ಬಿ ಹಿಡಿದು ಹೊಸ್ತಿಲ ಬಳಿ ನಿಂತ. ಕೆಲಸದಿಂದ ಕಳಿಸಿದ ಮರುದಿನದಿಂದ ಅವನದು ಇದೇ.

"ಕೆಲ್ಸ," ಅಂದ. "ಬಿಸ್ಕೆಟ್."

"ಇಲ್ಲ ಮಗಾ, ಇವತ್ತು ಇಲ್ಲ."

"ನಾಳೈಕಿ?" ಎಂದು ಕೇಳಿದ. ನಾಳೆಗಾದರೂ ಉಂಟೇ ಎಂದು ಕೇಳುವ ಆ ಮುಖ ನೋಡಲಾಗದೆ ವಿಮಲಾ ಗೋಡೆಯ ಕಡೆ ತಿರುಗಿದಳು.

ಮಧ್ವರಾಜ ಎಲ್ಲವನ್ನೂ ಕೇಳಿದ. ಮಾರನೆಯ ದಿನ ಹಾರ್ಡ್‌ವೇರ್ ಅಂಗಡಿಯಿಂದ ಚಿಲಕ ತಂದ. ಒಳಗಿನಿಂದ ತಿರುಗಿಸುವಂಥದ್ದು, ಹೊರಗಿನ ಬಿಲ್ಲೆಯಲ್ಲಿ ಸಣ್ಣ ಸೀಳು, ಅದಕ್ಕೆ ನಾಣ್ಯ ತೂರಿಸಿ ತಿರುಗಿಸಿದರೆ ಹೊರಗಿನಿಂದಲೂ ತೆಗೆಯಬಹುದು.

"ತಕೊ ಮಾರಾಯ್ತಿ," ಎಂದು ಹೆಂಡತಿಯ ಅಂಗೈಗೆ ಒಂದು ರೂಪಾಯಿ ಹಾಕಿದ. "ಇದು ನಿನ್ನ ಕೈಯಲ್ಲೇ ಇರ್ಲಿ. ಇನ್ನೆಂತ ಹೆದರಿಕೆ?"

ಆ ವಾರವೆಲ್ಲ ಮನೆಯಲ್ಲಿ ಚಿಲಕದ್ದೇ ಸದ್ದು. ಹಾಕುವುದು, ತೆಗೆಯುವುದು. ಮೊದಲು ಬಾಗಿಲು ತೆರೆದಿಟ್ಟು, ಆಮೇಲೆ ಅಪ್ಪ ಜೊತೆಗಿದ್ದು. ಟೀಚರು ಸಂಜೆ ಬಂದು ಇನ್ನೊಂದನ್ನು ಹೇಳಿಕೊಟ್ಟರು: ಯಾರಾದರೂ ಹೊರಗಿನಿಂದ ಬಾಗಿಲು ಮುಟ್ಟಿದರೆ "ಉಳ್ಳೆ ಆಳ್ ಇರುಕ್ಕು" ಅನ್ನಬೇಕು, ಒಳಗೆ ಜನ ಉಂಟು ಅಂತ. ವೀಕ್ಷಾ ಬಾಗಿಲು ತಟ್ಟುವುದು, ಇವನು ಕೂಗುವುದು. ಆಟ ಅವನಿಗೆ ಹಿಡಿಸಿತು. ವಿಮಲಾ ಮಾತ್ರ ದೂರ ನಿಂತು, ಇದೆಲ್ಲ ಯಾರದೋ ಮನೆಯಲ್ಲಿ ನಡೆಯುತ್ತಿರುವ ಹಾಗೆ ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಅವನು ಟವೆಲು, ಬಟ್ಟೆ ತಾನೇ ಎತ್ತಿಕೊಂಡು ಒಬ್ಬನೇ ಒಳಗೆ ಹೋದ. ಚಿಲಕ ತಿರುಗಿತು. ವಿಮಲಾ ರೂಪಾಯಿ ಹಿಡಿದುಕೊಂಡು ಬಾಗಿಲ ಬಳಿ ನಿಂತಳು.

ನೀರಿನ ಸದ್ದು ಕೇಳಿತು. ಹಾಡು ಕೇಳಲಿಲ್ಲ.

"ಹಾಡು ಮಗಾ," ಅಂದಳು. ಬಾಗಿಲಿಗೆ ಕಿವಿಯಿಟ್ಟಳು. "ನೀರು ಬಂತು ಹೇಳು, ನೋಡುವಾ."

ನೀರೂ ನಿಂತಿತು. ಅವಳಿಗೆ ಒಡೆದ ಬಾಗಿಲು, ನೀಲಿ ತುಟಿ ಎಲ್ಲ ಕಣ್ಣ ಮುಂದೆ ಬಂತು. ಅಂಗಿ ಹಾಕುತ್ತಿದ್ದ ಮಧ್ವರಾಜ "ತಡಿ ಮಾರಾಯ್ತಿ" ಅನ್ನುವಷ್ಟರಲ್ಲಿ ಅವಳು ನಾಣ್ಯವನ್ನು ಸೀಳಿಗೆ ತೂರಿಸಿದ್ದಳು. ಲೋಹ ಕರಕರ ಎಂದಿತು.

"ಉಳ್ಳೆ ಆಳ್ ಇರುಕ್ಕು!"

ದೊಡ್ಡ ದನಿ, ಗಂಡಸಿನದು. ಹಾಡಿನ ಗುಂಗಿನಲ್ಲಿ ಅದು ಒಡೆದದ್ದು ಯಾವಾಗ ಅಂತ ಅವಳಿಗೆ ಗೊತ್ತೇ ಆಗಿರಲಿಲ್ಲ. ಅವಳು ನಾಣ್ಯ ಹಿಂದಕ್ಕೆ ತೆಗೆದಳು.

"ಆಯ್ತು, ಆಯ್ತು. ತಪ್ಪಾಯ್ತು," ಅಂದಳು ಬಾಗಿಲಿಗೆ.

ಸ್ವಲ್ಪ ಹೊತ್ತಿಗೆ ಚಿಲಕ ಆಚೆ ಈಚೆ ಒದ್ದಾಡಿ ತಿರುಗಿತು. ರೂಪೇಶ ಹೊರಗೆ ಬಂದ. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ, ಕಿವಿಯ ಹಿಂದೆ ಸೋಪಿನ ನೊರೆ ಹಾಗೇ ಇತ್ತು. ಒರೆಸಲು ಸೆರಗು ಎತ್ತಿದ ವಿಮಲಾ ಕೈ ಇಳಿಸಿ, ಕನ್ನಡಿ ತೋರಿಸಿದಳು. ಅವನು ನೋಡಿ, ತಾನೇ ಒರೆಸಿಕೊಂಡು, ನೀಲಿ ಟೋಪಿ ಹಾಕಿದ. ವಿಷಯ ಕೇಳಿ ಸರಸ "ಹಾಡಿಗಾ?" ಎಂದು ನಕ್ಕುಬಿಟ್ಟಳಂತೆ, ಟೀಚರು ಫೋನಿನಲ್ಲಿ ಹೇಳಿದ್ದರು. ಮಧ್ವರಾಜ ಮಗನನ್ನು ಯೂನಿಟ್ಟಿಗೆ ಬಿಟ್ಟು ಹಾಗೇ ಹೋಟೆಲಿಗೆ ಹೋಗುವುದು ಎಂದಾಯಿತು.

ಅವರು ಚಪ್ಪಲಿ ಹುಡುಕುತ್ತಿರುವಾಗ ವಿಮಲಾ ಸ್ನಾನಕ್ಕೆ ಹೋದಳು. ಬಾಗಿಲು ಮುಂದೆ ಮಾಡಿ, ಬಕೆಟ್ಟಿಗೆ ನೀರು ಬಿಟ್ಟು, ಅಭ್ಯಾಸ ಬಲದಿಂದ ದೇವರ ಹೆಸರೊಂದನ್ನು ಎಳೆದು ಹಾಡತೊಡಗಿದಳು.

ಬಾಗಿಲು ಟಕಟಕ ಎಂದಿತು. ತಳ್ಳಲಿಲ್ಲ, ತಟ್ಟಿದರು.

"ಅಮ್ಮ," ರೂಪೇಶ ಹೊರಗಿನಿಂದ ಹೇಳಿದ. "ಪಾಟ್ಟು ಬೇಡ. ಚಿಲಕ ಹಾಕು."

ಅವಳು ಹಾಡು ನಿಲ್ಲಿಸಿದಳು. ಚಿಲಕ ತಿರುಗಿಸಿದಳು. ಹೊರಗೆ ಅದನ್ನು ಕೇಳಿಸಿಕೊಂಡವರ ಚಪ್ಪಲಿಯ ಸದ್ದು ಮೆಟ್ಟಿಲು ಇಳಿದು ಹೋಯಿತು. ಬಕೆಟ್ಟು ತುಂಬಿ ಹೊರಗೆ ಚೆಲ್ಲುತ್ತಿತ್ತು. ವಿಮಲಾ ನಲ್ಲಿ ನಿಲ್ಲಿಸಿ, ಮಗ ಕೂತೆದ್ದ ಒದ್ದೆ ಮಣೆಯ ಮೇಲೆ ಕೂತಳು.