ಸಾಲವಿಲ್ಲದ ಮನೆ

ಕಾರ್ಡಿನ ಬಾಕಿ ಸೊನ್ನೆ ಎಂದು ಮೊಬೈಲಿಗೆ ಬಂದ ಸಂದೇಶವನ್ನು ಶಾಫಿ ಉಮ್ಮನಿಗೆ ಓದಿ ಹೇಳಿದ. ಬೀಡಿ ಎಲೆ ಕತ್ತರಿಸುತ್ತಿದ್ದ ತಾಯಿ ಮಿಸ್ರಿಯಾ ಕತ್ತರಿ ಕೆಳಗಿಟ್ಟು ಇನ್ನೊಮ್ಮೆ ಓದಿಸಿದರು. ಆಮೇಲೆ ಶಾಫಿ ತನಗಾಗಿಯೂ ಒಮ್ಮೆ ಓದಿಕೊಂಡ.

ಕಕ್ಕಿಂಜೆಯಲ್ಲಿ ಮೊಬೈಲ್ ಅಂಗಡಿ ಇಡುವಾಗ ಅವನು ಕ್ರೆಡಿಟ್ ಕಾರ್ಡು ಉಜ್ಜಿದ್ದೇ ಉಜ್ಜಿದ್ದು. ಬಡ್ಡಿ ಬೆಳೆದು ಕುತ್ತಿಗೆಗೆ ಬಂತು. ಇತ್ತ ಮಿಸ್ರಿಯಾ ಬೀಡಿ ಕಟ್ಟಿ ಉಮ್ರಾ ಯಾತ್ರೆಗೆಂದು ದುಡ್ಡು ಕೂಡಿಟ್ಟಿದ್ದರು. ಮನೆಯಲ್ಲಿ ಸಾಲ ಇಟ್ಟುಕೊಂಡು ಮಕ್ಕಾಕ್ಕೆ ಹೋಗುವವಳಲ್ಲ, ಮೊದಲು ನಿನ್ನ ಕಾರ್ಡಿಗೆ ಕಟ್ಟು ಎಂದು ಅಷ್ಟನ್ನೂ ಅವನ ಮುಂದಿಟ್ಟಿದ್ದರು. ಅದನ್ನು ಮುಟ್ಟಲು ಶಾಫಿಗೆ ನಾಚಿಕೆಯಾಯಿತು.

ದಾರಿ ತೋರಿಸಿದವನು ಬೆಳ್ತಂಗಡಿಯ ಗೆಳೆಯ ನಿಝಾಮುದ್ದೀನ್. ಇನ್ನೊಂದು ಬ್ಯಾಂಕಿನ ಕಾರ್ಡು ತೆಗೆದು ಬ್ಯಾಲೆನ್ಸ್ ಟ್ರಾನ್ಸ್‌ಫರ್ ಮಾಡಿಸಿದರೆ ಹಳೆಯ ಸಾಲವನ್ನು ಆ ಬ್ಯಾಂಕೇ ತೀರಿಸುತ್ತದೆ, ಆರು ತಿಂಗಳು ಬಡ್ಡಿಯೂ ಇಲ್ಲ ಎಂದ. ಶಾಫಿ ಹಾಗೆಯೇ ಮಾಡಿದ. ಆದರೆ ಇನ್ನು ಆ ಬ್ಯಾಂಕಿಗೆ ಕೊಡಬೇಕಾದವನು ತಾನೇ. ಹಾಗಾದರೆ ಸಾಲ ತೀರಿತೋ, ಇನ್ನೂ ಇದೆಯೋ? ಎಷ್ಟು ಯೋಚಿಸಿದರೂ ತಲೆಬುಡ ತಿಳಿಯಲಿಲ್ಲ. ಸಂದೇಶದಲ್ಲಂತೂ ಸೊನ್ನೆ ಎಂದೇ ಇತ್ತು. ಸುಳ್ಳು ಹೇಳಿದಂತಾಗಲಿಲ್ಲವಲ್ಲ ಎಂದುಕೊಂಡ, ಬಡಪಾಯಿ.

ಯಾತ್ರೆಯ ಏಜೆಂಟ್ ದುಡ್ಡಿಗೆ ಮರುದಿನ ಬರುವುದೆಂದಾಯಿತು. ಯಾತ್ರೆ ಹೊರಡುವವರು ನೆರೆಕರೆಯವರಲ್ಲಿ ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪಿಗೆ ಕ್ಷಮೆ ಕೇಳಿ ಬರಬೇಕು. ಅದಕ್ಕಿನ್ನೂ ಎಷ್ಟೋ ಸಮಯವಿತ್ತು. ಆದರೆ ಮಗ ತಾನೇ ದುಡಿದು ಸಾಲ ತೀರಿಸಿದನೆಂದುಕೊಂಡ ಮಿಸ್ರಿಯಾರ ಸಂಭ್ರಮಕ್ಕೆ ತಡೆ ಎಲ್ಲಿ? ಅಂದು ಮಧ್ಯಾಹ್ನವೇ ಮನೆಮನೆಗೆ ಹೊರಟುಬಿಟ್ಟರು.

ಸಂಜೆ ಹಿಂತಿರುಗಿ, ಕೊನೆಗೆ ಮಗನ ಕೈ ಹಿಡಿದರು.

"ನನ್ನಿಂದ ಏನಾದ್ರೂ ತಪ್ಪಾಗಿದ್ರೆ ಮಾಫ್ ಮಾಡು ಮೋನೇ."

ಶಾಫಿಗೆ ಇನ್ನು ಮುಚ್ಚಿಡಲಾಗಲಿಲ್ಲ. "ಉಮ್ಮಾ, ಆ ಸಾಲ ಬೇರೆ ಬ್ಯಾಂಕಿನವರು ಕಟ್ಟಿದ್ದು."

"ಅವರಿಗೆ ಯಾರು ಕೊಡುವುದು?"

"ನಾನೇ. ತಿಂಗಳು ತಿಂಗಳು ಕೊಡ್ಲಿಕ್ಕುಂಟು."

ಮಿಸ್ರಿಯಾ ಬೈಯಲಿಲ್ಲ, ಹಿಡಿದ ಕೈಯನ್ನೂ ಬಿಡಲಿಲ್ಲ.

"ನಮ್ಮ ಮನೆಯಲ್ಲಿ ಸಾಲ ಇಲ್ಲ ಅಂತ ಎಲ್ಲರ ಹತ್ರ ಹೇಳಿ ಬಂದೆನಲ್ಲ, ಅದು ಸುಳ್ಳಾಯ್ತು," ಎಂದರು. "ಏಜೆಂಟನಿಗೆ ನಾಳೆ ಬರುವುದು ಬೇಡ ಅಂತ ಫೋನ್ ಮಾಡು."

ಆಮೇಲೆ ಆಗಷ್ಟೇ ಬಿಚ್ಚಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು, ಮಧ್ಯಾಹ್ನ ಎಲ್ಲರಿಗಿಂತ ಮೊದಲು ಹೋಗಿದ್ದ ಮನೆಯ ಕಡೆಗೆ ಅಂಗಳ ಇಳಿದರು.