ಅಧ್ಯಕ್ಷರ ಹಿಂದೆ ನಿಂತವರು

ಉಮಾಶಂಕರ್ ಮೇಷ್ಟ್ರು ಮೂವತ್ತೊಂದು ವರ್ಷ ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಟ್ಟವರು. ಸರ್ವಾಧಿಕಾರಿಗಳು ಹೇಗೆ ಹುಟ್ಟುತ್ತಾರೆ ಎಂಬ ನಾಲ್ಕು ಅಂಕದ ಪ್ರಶ್ನೆಗೆ ಅವರ ಶಿಷ್ಯರು ನಿದ್ದೆಗಣ್ಣಲ್ಲೂ ಉತ್ತರ ಒಪ್ಪಿಸುತ್ತಿದ್ದರು. ಅಂಥವರು ಅರಸೀಕೆರೆಯ ಒಂದು ಪಾರ್ಕಿನಲ್ಲಿ, ವಾಯುವಿಹಾರಿಗಳ ಸಂಘದ ಕಾರ್ಯದರ್ಶಿಯಾಗಿ, ಕೈಯಾರೆ ಒಬ್ಬ ಸರ್ವಾಧಿಕಾರಿಯನ್ನು ಸಾಕಿ ಬೆಳೆಸಿದರು.

ಸಂಘಕ್ಕೆ ಶಿವಪ್ರಕಾಶ್ ಅಧ್ಯಕ್ಷರಾದದ್ದು ಬೇರೆ ಯಾರೂ ಒಪ್ಪದ್ದರಿಂದ. ಬೇಲೂರಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಮನುಷ್ಯ. ಮೆತ್ತಗಿನ ಮಾತು, ಗರಿಗರಿ ಇಸ್ತ್ರಿಯ ಅಂಗಿ. ಮೊದಲ ತಿಂಗಳು ಕೆಟ್ಟ ನಲ್ಲಿ ರಿಪೇರಿ ಮಾಡಿಸಿದರು. ಎರಡನೇ ತಿಂಗಳು ಕಲ್ಲುಬೆಂಚು ತೊಳೆಸಿದರು. ಎಲ್ಲರೂ ಹೊಗಳಿದರು. ಮೂರನೇ ತಿಂಗಳು ಹೊಗಳಿಸಿಕೊಳ್ಳಲು ಏನೂ ಉಳಿದಿರಲಿಲ್ಲ. ಆಗ ಅವರ ಕಣ್ಣಿಗೆ ಆಚೆ ಬಡಾವಣೆಯವರು ಬಿದ್ದರು. ಆ ಜನ ಆಚೆ ಗೇಟಿನಿಂದ ಒಳಗೆ ಬಂದು ಎದುರು ದಿಕ್ಕಿನಲ್ಲಿ ಸುತ್ತುತ್ತಿದ್ದರು.

"ಬೇಕಂತ್ಲೇ ನಮ್ಗೆ ಎದುರಾಗಿ ಬತ್ತಾರೆ ಕಣ್ರೀ ಮೇಷ್ಟ್ರೇ. ಇವರಿಗೊಂದು ಹೆಸರಿರಬೇಕಲ್ವಾ?" ಎಂದರು ಶಿವಪ್ರಕಾಶ್.

ಯಾರಾದರೂ ಪದ ಕೇಳಿದರೆ ಮೇಷ್ಟ್ರಿಗೆ ಸುಮ್ಮನಿರಲು ಆಗದು. "ಅಪ್ರದಕ್ಷಿಣೆಯವರು ಅನ್ನಬಹುದು," ಎಂದರು.

ಮುಂದಿನ ಭಾನುವಾರ ಶಿವಪ್ರಕಾಶ್ ಕಲ್ಲುಬೆಂಚಿನ ಮೇಲೆ ನಿಂತು ಆ ಪದವನ್ನು ಮೂರು ಸಲ ಹೇಳಿದರು. ಮೂರು ಸಲವೂ ಚಪ್ಪಾಳೆ ಬಿತ್ತು. ನಲ್ಲಿ ಮತ್ತೆ ಸೋರುವುದಕ್ಕೆ, ನಾಯಿಗಳು ಹೆಚ್ಚಿದ್ದಕ್ಕೆ, ಕೆಲವರ ಸೊಂಟನೋವಿಗೆ ಕೂಡ ಅಪ್ರದಕ್ಷಿಣೆಯವರೇ ಕಾರಣವೆಂದು ಹತ್ತೇ ನಿಮಿಷದಲ್ಲಿ ಎಲ್ಲರಿಗೂ ಖಾತ್ರಿಯಾಯಿತು. "ಈ ಪದ ನಮ್ಮ ಮೇಷ್ಟ್ರದು," ಎಂದು ಅವರು ಕೈ ತೋರಿಸಿದಾಗ ನಲವತ್ತು ತಲೆಗಳು ಇತ್ತ ತಿರುಗಿದವು. ಉಮಾಶಂಕರ್‌ಗೆ ಹಿತವೆನಿಸಿತು. ಅಷ್ಟು ವರ್ಷದ ಪಾಠಕ್ಕೆ ಒಬ್ಬರೂ ಚಪ್ಪಾಳೆ ತಟ್ಟಿರಲಿಲ್ಲ.

ಅಲ್ಲಿಂದ ನಿಯಮಗಳು ಶುರುವಾದವು, ಬರೆದವರು ಮೇಷ್ಟ್ರೇ. ಎಲ್ಲರೂ ಬಿಳಿ ಟೋಪಿ ಹಾಕಬೇಕು. ನಗೆಕೂಟದಲ್ಲಿ ಅಧ್ಯಕ್ಷರು ಸೀಟಿ ಊದಿದ ಮೇಲೆಯೇ ನಗಬೇಕು. ನಡೆಯುವಾಗ ಯಾರೂ ಅಧ್ಯಕ್ಷರನ್ನು ಹಿಂದಿಕ್ಕಬಾರದು. ರೈಲ್ವೆಯಿಂದ ನಿವೃತ್ತರಾದ ಗಂಗಯ್ಯ ಒಮ್ಮೆ ಚುನಾವಣೆಯ ಮಾತೆತ್ತಿದರು. ಅವರು ಆಚೆ ಗೇಟಿನವರ ಜೊತೆ ಟೀ ಕುಡಿದದ್ದನ್ನು ಕಂಡವರು ತಕ್ಷಣ ಹುಟ್ಟಿಕೊಂಡರು.

"ಇದು ನೀವು ಮಕ್ಕಳಿಗೆ ಹೇಳ್ಕೊಡ್ತಿದ್ದ ಪಾಠ ಅಲ್ವೇನ್ರೀ?" ಎಂದು ಮನೆಯಲ್ಲಿ ಹೆಂಡತಿ ಲತಾಮಣಿ ಕೇಳಿದರು.

"ಅದು ಜರ್ಮನಿ ಕಣೇ. ಇದು ಪಾರ್ಕು."

ಕಾರ್ತಿಕ ಮಾಸದಲ್ಲಿ ಅಧ್ಯಕ್ಷರ ಅಪ್ಪಣೆಯಾಯಿತು: ಅಪ್ರದಕ್ಷಿಣೆಯವರಿಗೆ ನಮ್ಮ ತಾಕತ್ತು ಕಾಣುವಂತೆ ಇಡೀ ಸಂಘ ಮಾಲೇಕಲ್ಲು ಬೆಟ್ಟ ಹತ್ತಬೇಕು. ಅಡುಗೆಯವರು ತಿಂಡಿಯ ಸಾಮಾನು ಹೊತ್ತು ಮೊದಲೇ ಮೇಲೆ ಹೋದರು. ಸೀಟಿ ಊದುತ್ತ ಅಧ್ಯಕ್ಷರು ಮುಂದೆ, ಬಿಳಿ ಟೋಪಿಗಳ ಸಾಲು ಹಿಂದೆ. ಅರ್ಧ ದಾರಿಯಲ್ಲಿ ಶಿವಪ್ರಕಾಶರ ಎಡಮೊಣಕಾಲು ಕೈಕೊಟ್ಟಿತು. ಅದನ್ನು ಹೇಳಿಕೊಳ್ಳುವುದು ಹೇಗೆ? ಸೊಂಟದ ಮೇಲೆ ಕೈಯಿಟ್ಟು, "ಎಲ್ಲರೂ ದೃಶ್ಯ ನೋಡಿ," ಎಂದರು.

ಎಲ್ಲರೂ ನೋಡಿದರು. ಹತ್ತು ನಿಮಿಷ ತೆಂಗಿನ ತೋಟ ನೋಡಿದರು, ಇನ್ನು ಹತ್ತು ನಿಮಿಷ ರಾಗಿ ಹೊಲ ನೋಡಿದರು. ಬಿಸಿಲೇರಿತು. ಹಾರನಹಳ್ಳಿ ಕಡೆಯ ಮುದುಕಿಯೊಬ್ಬಳು ಮೊಮ್ಮಗಳನ್ನು ಕಂಕುಳಲ್ಲಿಟ್ಟುಕೊಂಡು ಇವರನ್ನು ದಾಟುತ್ತ, "ಯಾಕ್ರಪ್ಪಾ, ಮ್ಯಾಲೆ ಗುಡಿ ಬಾಗ್ಲು ಹಾಕೈತಾ?" ಎಂದು ವಿಚಾರಿಸಿದಳು.

"ಇಲ್ಲಮ್ಮ, ನಾವು ಅಧ್ಯಕ್ಷರ ಹಿಂದೆ ಇದೀವಿ," ಎಂದು ಯಾರೋ ಹೇಳಿದರು.

ಮುದುಕಿಗೆ ಅರ್ಥವಾಗಲಿಲ್ಲ. ನಿವೃತ್ತ ನರ್ಸ್ ಕಾಂತಮ್ಮನಿಗೆ ಮಾತ್ರ ಏನೋ ಅರ್ಥವಾದಂತಿತ್ತು. ಅವರು ಸಾಲು ಬಿಟ್ಟು ಮುಂದೆ ಬಂದರು.

"ನಂಗೆ ಸಕ್ಕರೆ ಕಾಯಿಲೆ ಐತೆ. ತಿಂಡಿ ಮೇಲೈತೆ. ನಾನು ಹೋಯ್ತೀನಿ."

ಶಿವಪ್ರಕಾಶ್ ಸೀಟಿ ಊದಿದರು. ಕಾಂತಮ್ಮ ತಿರುಗಿಯೂ ನೋಡದೆ, "ಉಸಿರು ಉಳಿಸ್ಕೊಳ್ಳಿ, ಇಳಿಯೋಕೆ ಬೇಕಾಗ್ತದೆ," ಎಂದು ಹತ್ತಿದರು. ಅವರ ಹಿಂದೆ ಗಂಗಯ್ಯ ಹೋದರು. ಆಮೇಲೆ ಇಬ್ಬಿಬ್ಬರಾಗಿ, ತಲೆ ತಗ್ಗಿಸಿ, "ಈಗ ಬಂದ್ಬಿಟ್ಟೆ ಅಧ್ಯಕ್ಷರೇ," ಎನ್ನುತ್ತ ಎಲ್ಲರೂ ದಾಟಿದರು. ಮೇಲಿನಿಂದ ಉಪ್ಪಿಟ್ಟಿನ ಒಗ್ಗರಣೆ ವಾಸನೆ ಬೇರೆ ಬರುತ್ತಿತ್ತು.

ಮೆಟ್ಟಿಲ ಮೇಲೆ ಇಬ್ಬರೇ ಉಳಿದರು. ಶಿವಪ್ರಕಾಶ್ ಕುಸಿದು ಕೂತು ಮೊಣಕಾಲು ನೀವಿಕೊಂಡರು.

"ಮೂವತ್ನಾಲ್ಕು ವರ್ಷ ಮೇಷ್ಟ್ರೇ. ಅರಸೀಕೆರೆಯಿಂದ ಬೇಲೂರಿನ ತನಕ ಬಸ್ಸಲ್ಲಿ ನಿಂತ್ಕೊಂಡೇ ಹೋಗ್ತಿದ್ದೆ. ಅಲ್ಲಿ ಇಳಿದ ಮೇಲೆ ಸಾಹೇಬರ ಮೇಜಿನ ಮುಂದೆ ನಿಲ್ತಿದ್ದೆ. ಅವರು ಫೈಲಿಂದ ತಲೆ ಎತ್ತುತ್ತಿರಲಿಲ್ಲ. ಆ ಬೆಂಚಿನ ಮೇಲೆ ನಿಂತೆ ನೋಡಿ, ಆವತ್ತು ನಾಲ್ಕು ಜನಕ್ಕೆ ಕಂಡೆ."

ನಗಬೇಕೆಂದುಕೊಂಡಿದ್ದ ಉಮಾಶಂಕರ್‌ಗೆ ನಗು ಬರಲಿಲ್ಲ. "ನನಗೂ ಹಂಗೇ ಆಯ್ತು. ನಿಮ್ಮ ಪಕ್ಕ ನಿಂತು ನಾನೂ ಕಂಡೆ," ಎಂದರು.

ಶಿವಪ್ರಕಾಶ್ ಟೋಪಿಯಿಂದ ಮುಖ ಒರೆಸಿಕೊಂಡು ಮತ್ತೆ ತಲೆಗೇರಿಸಿದರು. ದನಿ ಮೊದಲಿನಂತಾಯಿತು. "ಎಲ್ಲರೂ ಅಧ್ಯಕ್ಷರ ಅನುಮತಿ ಪಡೆದೇ ಮುಂದೆ ಹೋದರು ಅಂತ ನಡಾವಳಿ ಪುಸ್ತಕದಲ್ಲಿ ಬರ್ಕೊಳ್ಳಿ."

"ಬರೆಯಲ್ಲ ಶಿವಪ್ರಕಾಶ್."

ಹೆಸರು ಹಿಡಿದು ಕರೆದು ಆರು ತಿಂಗಳಾಗಿತ್ತು. ಇಬ್ಬರಿಗೂ ಅದು ವಿಚಿತ್ರವಾಗಿ ಕೇಳಿಸಿತು. ಮೇಷ್ಟ್ರು ಹೆಗಲು ಕೊಟ್ಟರು. ಉಪ್ಪಿಟ್ಟಿಗೆ ಎರವಾಗಿ ಇಬ್ಬರೂ ಒಂದೊಂದೇ ಮೆಟ್ಟಿಲು ಇಳಿದರು.

ಮುಂದಿನ ಭಾನುವಾರ ಶಿವಪ್ರಕಾಶ್ ಪಾರ್ಕಿನ ಬೆಂಚು ಹತ್ತಿ, ತಮ್ಮನ್ನು ಹಿಂದಿಕ್ಕಿದವರೆಲ್ಲ ಆಚೆ ಗೇಟಿನವರ ಕುಮ್ಮಕ್ಕಿಗೆ ಬಲಿಯಾದವರು ಎಂದರು. ಹನ್ನೊಂದು ಜನ ಚಪ್ಪಾಳೆ ತಟ್ಟಿದರು. ಉಳಿದವರು ಪಟ್ಟು ಹಿಡಿದು ಮುಂದಿನ ತಿಂಗಳು ನಡೆಸಿದ ಚುನಾವಣೆಯಲ್ಲಿ ಗಂಗಯ್ಯ ಗೆದ್ದಾಗ, ಎಣಿಕೆಯಲ್ಲಿ ಮೋಸವಾಗಿದೆ ಎಂದು ಶಿವಪ್ರಕಾಶ್ ಅದೇ ಹನ್ನೊಂದು ಜನರೊಡನೆ ಹೊರಬಿದ್ದು ನಿಜವಾದ ವಾಯುವಿಹಾರಿಗಳ ಸಂಘ ಕಟ್ಟಿದರು.

ಉಮಾಶಂಕರ್ ಕಾರ್ಯದರ್ಶಿತನ ಬಿಟ್ಟರು. ಮುಂದಿನ ಎರಡು ಭಾನುವಾರ ನಡುಮನೆಯಲ್ಲೇ ಅತ್ತಿಂದಿತ್ತ ಓಡಾಡಿದರು. ಏನಾಗಿದೆ ಎಂದು ಲತಾಮಣಿ ಕೇಳಿದ್ದಕ್ಕೆ, "ಆ ಚಪ್ಪಾಳೆ ಇಲ್ದೆ ಏನೋ ಕಳಕೊಂಡಂಗೆ ಆಗೈತೆ," ಎಂದು ನಾಚುತ್ತ ಒಪ್ಪಿಕೊಂಡರು. ಲತಾಮಣಿ ಸಂತೆಯಿಂದ ತಂದ ಅವರೆಕಾಯಿಯನ್ನು ಮೊರದ ತುಂಬ ಸುರಿದು ಗಂಡನ ಮುಂದಿಟ್ಟರು. ಮೇಷ್ಟ್ರು ಕನ್ನಡಕ ಹಾಕಿಕೊಂಡು ಸುಲಿಯತೊಡಗಿದರು.